ಹೊಸ್ತಿಲಿಲ್ಲದ ಬಾಗಿಲು

"ಹಿಂದಿನ ಬಾಗಿಲು ಈ ವರ್ಷ ಬೇಡ. ಮುಂಬಾಗಿಲು ಮಾಡಿಸೋಣ," ಎಂದಳು ಅಜ್ಜಿ.

ಮಾರ್ನಿಯ ಕೈಯಲ್ಲಿದ್ದ ಟೋಸ್ಟು ಬಾಯಿಯ ಹತ್ತಿರ ಹೋಗಿ ನಿಂತುಬಿಟ್ಟಿತು. ಟೀ ಬಗ್ಗಿಸುತ್ತಿದ್ದ ಅಮ್ಮ ಕಪ್ಪು ತುಂಬಿದ್ದನ್ನೂ ನೋಡದೆ ಬಗ್ಗಿಸುತ್ತಲೇ ಇದ್ದಳು.

"ಮುಂಬಾಗಿಲಾ? ಅದನ್ನ ಯಾರಜ್ಜಿ ಯೂಸ್ ಮಾಡ್ತಾರೆ?"

"ಮಾಡೋರು ಮಾಡ್ತಾರೆ. ನೀನು ತಿನ್ನು, ಸ್ಕೂಲಿಗೆ ಲೇಟಾಯ್ತು."

ಮಾರ್ನಿ ಅಮ್ಮನ ಮುಖ ನೋಡಿದಳು. ಅಮ್ಮ ಬಾಯಿ ತೆರೆದಳು. ಅಜ್ಜಿ ಒಂದು ನೋಟ ಬೀರಿದಳು. ಅಮ್ಮ ಬಾಯಿ ಮುಚ್ಚಿ ಚೆಲ್ಲಿದ ಟೀ ಒರೆಸತೊಡಗಿದಳು. ದೊಡ್ಡವರು ಹೀಗೆ ಕಣ್ಣಲ್ಲೇ ಮಾತಾಡಿಕೊಂಡರೆ ಮಾರ್ನಿಗೆ ಹಿಡಿಸುತ್ತಿರಲಿಲ್ಲ.

ವರ್ಷವಿಡೀ ಮನೆಯಲ್ಲಿ ನಡೆದದ್ದು ಹಿಂದಿನ ಬಾಗಿಲು ಬದಲಾಯಿಸುವ ಮಾತೇ. ಅದು ಅಡುಗೆಮನೆಯ ಬಾಗಿಲು. ಕೆಳಗೆ ಬೆಕ್ಕು ನುಸುಳುವಷ್ಟು ಸಂದಿ, ಪಕ್ಕದಲ್ಲಿ ಬೆಳಕು ಕಾಣುವಷ್ಟು ಬಿರುಕು. ಚಳಿಗಾಲ ಬಂತೆಂದರೆ ಉತ್ತರ ಇಂಗ್ಲೆಂಡಿನ ಲ್ಯಾಂಕಶೈರಿನ ಗಾಳಿಯೆಲ್ಲ ಅಲ್ಲಿಂದಲೇ ಒಳಗೆ ಬಂದು ಟೀ ಕುಡಿದು ಹೋಗುತ್ತಿತ್ತು. ಬಿರುಕಿಗೆ ಹಳೆ ಪೇಪರು ತುರುಕಿ, ಸಂದಿಗೆ ಅಡ್ಡವಾಗಿ ಉದ್ದನೆಯ ಬಟ್ಟೆ ಹಾವೊಂದನ್ನು ಮಲಗಿಸಿದ್ದರು. ತಾತನ ಹಳೆ ಪ್ಯಾಂಟಿನ ಕಾಲಿಗೆ ಚಿಂದಿ ತುಂಬಿ, ಗುಂಡಿಯ ಕಣ್ಣು ಹೊಲಿದ ಹಾವು. ತಾತ ಅದಕ್ಕೆ ಸಿರಿಲ್ ಎಂದು ಹೆಸರಿಟ್ಟಿದ್ದ.

ಅಜ್ಜಿಯ ಬಜೆಟ್ ಎಂದರೆ ಬಿಸ್ಕೆಟ್ ಡಬ್ಬಿಗಳು. ಮನೆ ಬೆಚ್ಚಗಿಡುವ ಗ್ಯಾಸಿಗೊಂದು, ಕ್ರಿಸ್ಮಸ್ಸಿಗೊಂದು, ಬೇಸಿಗೆಗೆ ಹೋಗುವ ಸಮುದ್ರತೀರದ ಊರು ಬ್ಲ್ಯಾಕ್‌ಪೂಲಿಗೊಂದು, ಬಾಗಿಲಿಗೊಂದು. ಒಂದು ಡಬ್ಬಿಯ ದುಡ್ಡು ಇನ್ನೊಂದು ಡಬ್ಬಿಗೆ ಹೋಗುವಂತಿಲ್ಲ. "ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು" ಎಂಬುದು ಅಜ್ಜಿಯ ಮಂತ್ರ. ಆರಡಿ ಎತ್ತರದ ತಾತ ಮಾತ್ರ ಪ್ರತಿಸಲವೂ, "ನನ್ನ ಕಾಲು ಈಗಾಗಲೇ ಹಾಸಿಗೆಯಿಂದಾಚೆ ಇದೆ, ಬೆರಿಲ್," ಎಂದು ಅವಳನ್ನು ರೇಗಿಸುತ್ತಿದ್ದ.

ಈಗ ಹಾಗೆ ರೇಗಿಸುವವರಿಲ್ಲ. ತಾತ ಆಸ್ಪತ್ರೆಯಲ್ಲಿದ್ದ. ಅಕ್ಟೋಬರಿನಲ್ಲಿ ತನ್ನ ತರಕಾರಿ ಪಾತಿಯಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ. ಆಪರೇಷನ್ ಆಯಿತು, ಎದೆಯಲ್ಲಿ ಕಫ ಕಟ್ಟಿತು, ಜ್ವರ ಬಂತು. ವಾರ್ಡಿನಲ್ಲಿ ಯಾವುದೋ ವಾಂತಿ ರೋಗ ಹಬ್ಬಿದೆಯೆಂದು ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಮಾರ್ನಿ ತಾತನನ್ನು ನೋಡಿ ವಾರಗಳೇ ಕಳೆದಿದ್ದವು.

ಅಂದು ಬೆಳಿಗ್ಗೆ ಅಜ್ಜಿ ಬಾಗಿಲಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ಆಮೇಲೆ ಬ್ಲ್ಯಾಕ್‌ಪೂಲ್ ಡಬ್ಬಿಯನ್ನೂ ತಂದು ಅದರ ಪಕ್ಕದಲ್ಲೇ ಸುರಿದಳು.

"ಅಜ್ಜಿ! ಅದು ಬ್ಲ್ಯಾಕ್‌ಪೂಲಿಂದು!"

"ಕಣ್ಣಿದೆ ನಂಗೆ."

"ಬೇಸಿಗೇಲಿ ನಾವು ಹೋಗಲ್ವಾ?"

"ತಾತ ಇಲ್ದೆ ಯಾವ ಬ್ಲ್ಯಾಕ್‌ಪೂಲು?" ಎಂದ ಅಜ್ಜಿ ನೋಟುಗಳನ್ನು ಎಣಿಸತೊಡಗಿದಳು. "ಕ್ರಿಸ್ಮಸ್ಸಿನೊಳಗೆ ಆಗ್ಬೇಕು, ಜನೀನ್. ಅಷ್ಟರೊಳಗೆ ಮುಗೀಬೇಕು."

"ಹೂಂ, ಅಮ್ಮ," ಎಂದಳು ಮಾರ್ನಿಯ ಅಮ್ಮ ಮೆಲ್ಲಗೆ.

ಮಾರ್ನಿ ಟೋಸ್ಟನ್ನು ತಟ್ಟೆಗೆ ಹಾಕಿಬಿಟ್ಟಳು.

ಯಾಕೆ ಎಂದು ತಿಳಿಯಬೇಕಾದರೆ ಕ್ಲೋವರ್ ಸ್ಟ್ರೀಟಿನ ಪದ್ಧತಿ ಗೊತ್ತಿರಬೇಕು. ಒಂದರ ಭುಜಕ್ಕೊಂದು ಆತುಕೊಂಡ ಸಾಲುಮನೆಗಳ ಈ ಬೀದಿಯಲ್ಲಿ ಮುಂಬಾಗಿಲಿನಿಂದ ಯಾರೂ ಓಡಾಡುವುದಿಲ್ಲ. ನೆಂಟರಿರಲಿ, ನೆರೆಯವರಿರಲಿ, ಎಲ್ಲರೂ ಹಿಂದಿನ ಓಣಿಯಿಂದ ಬಂದು, ಗೇಟು ತಳ್ಳಿ, ಕಡಿದಾದ ಮೆಟ್ಟಿಲು ಹತ್ತಿ ನೇರ ಅಡುಗೆಮನೆಗೇ ಬರುತ್ತಾರೆ. ಮುಂಬಾಗಿಲು ತಟ್ಟಿದರೆ ಅದು ಪೊಲೀಸ್, ಇಲ್ಲವೇ ಓಟು ಕೇಳುವವನು. ಅಜ್ಜಿ ಪ್ರತಿ ಶನಿವಾರ ಮುಂಬಾಗಿಲು ಬಡಿಯುವ ಹಿತ್ತಾಳೆಯ ಹಿಡಿಯನ್ನು ಫಳಫಳ ತಿಕ್ಕುತ್ತಾಳೆ, ಕಲ್ಲಿನ ಹೊಸ್ತಿಲು ಉಜ್ಜುತ್ತಾಳೆ. ಆದರೆ ಆ ಬಾಗಿಲು ತೆರೆದು ಹೊರಗೆ ಬಂದಲ್ಲ! ಬಕೆಟ್ ಹಿಡಿದು ಹಿಂದಿನಿಂದ ಹೊರಟು, ಇಡೀ ಬೀದಿ ಸುತ್ತಿ ಬಂದು ಉಜ್ಜುತ್ತಾಳೆ.

ಆ ಸಾಲಿನಲ್ಲಿ ಮುಂಬಾಗಿಲು ತೆರೆದದ್ದನ್ನು ಮಾರ್ನಿ ಎರಡೇ ಸಲ ನೋಡಿದ್ದಳು. ಒಂದು, ಮೂಲೆಮನೆಯ ಅಕ್ಕ ಮದುವೆಯ ಬಿಳಿ ಗೌನು ಹಾಕಿಕೊಂಡು ಹೊರಟಾಗ. ಇನ್ನೊಂದು, ಕಳೆದ ವಸಂತದಲ್ಲಿ ಪಕ್ಕದ ಮನೆಯ ಮಿಸ್ಟರ್ ಹಾರ್ಗ್ರೀವ್ಸ್ ತೀರಿಕೊಂಡಾಗ. ಬೀದಿಯವರೆಲ್ಲ ಟೋಪಿ ತೆಗೆದು ಫುಟ್‌ಪಾತಿನಲ್ಲಿ ಸುಮ್ಮನೆ ನಿಂತಿದ್ದರು. ಶವಪೆಟ್ಟಿಗೆ ಹೊತ್ತವರಲ್ಲಿ ಒಬ್ಬ ಹೊಸ್ತಿಲು ಎಡವಿ ಮುಗ್ಗರಿಸಿದ್ದ, ಪೆಟ್ಟಿಗೆ ವಾಲಿತ್ತು. "ಹಾಳು ಹೊಸ್ತಿಲು," ಎಂದು ಅಜ್ಜಿ ಮಾರ್ನಿಯ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಸ್ಕೂಲಿಗೆ ಹೋಗುವ ದಾರಿಯಲ್ಲಿ ಗೆಳತಿ ಜೈನಬ್ ಸಿಕ್ಕಳು. ಅವಳದೂ ಅದೇ ಬೀದಿ.

"ನಮ್ಮನೆಗೆ ಹೊಸ ಮುಂಬಾಗಿಲು ಬರುತ್ತೆ," ಎಂದಳು ಮಾರ್ನಿ.

"ಹೌದಾ! ನಿಮ್ಮನೇಲಿ ಯಾರಿಗೆ ಮದ್ವೆ?"

"ಯಾರಿಗೂ ಇಲ್ಲ."

ಜೈನಬ್ ಏನೋ ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಸ್ಕೂಲು ಬರುವವರೆಗೂ ತನ್ನ ಚಾಕಲೇಟನ್ನು ಚೂರುಚೂರೇ ಮುರಿದು ಮಾರ್ನಿಗೆ ಕೊಡುತ್ತಲೇ ಇದ್ದಳು. ಕೇಳದೇ ಚಾಕಲೇಟು ಕೊಡುವ ಪೈಕಿಯವಳಲ್ಲ ಜೈನಬ್. ಮಾರ್ನಿಗೆ ಅಳು ಬಂದಂತಾಯಿತು.

ಅವತ್ತು ಗಣಿತದಲ್ಲಿ ಅವಳ ಲೆಕ್ಕ ಒಂದೂ ಸರಿಯಾಗಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ. ಡಬ್ಬಿಯ ದುಡ್ಡು ಒಂದೇ ಬಾಗಿಲಿಗೆ ಸಾಕು. ಅದು ಹಿಂದಿನ ಬಾಗಿಲಿಗೆ ಖರ್ಚಾಗಿಹೋದರೆ ಮುಂಬಾಗಿಲು ಆಗುವುದಿಲ್ಲ. ಮುಂಬಾಗಿಲು ಆಗದಿದ್ದರೆ ತಾತನಿಗೆ ಏನೂ ಆಗುವುದಿಲ್ಲ. ಇದು ಸರಿಯಾದ ಲೆಕ್ಕವಲ್ಲ ಎಂದು ಅವಳಿಗೂ ಒಳಗೊಳಗೇ ಗೊತ್ತಿತ್ತು. ಆದರೂ ಅದನ್ನು ಬಿಟ್ಟರೆ ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲ.

ಶನಿವಾರ ಬಾಗಿಲು ಕಂಪನಿಯವನು ಅಳತೆಗೆ ಬರುವುದಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದ ಮಾರ್ನಿ ಹಿಂದಿನ ಬಾಗಿಲಿನ ಬಿರುಕಿನಿಂದ ಪೇಪರನ್ನೆಲ್ಲ ಕಿತ್ತು ಕಸದ ಬುಟ್ಟಿಯ ತಳಕ್ಕೆ ತುರುಕಿದಳು. ಸಿರಿಲ್‌ನನ್ನು ಎತ್ತಿಕೊಂಡು ಹೋಗಿ ತನ್ನ ಹಾಸಿಗೆಯ ಕೆಳಗೆ ಅಡಗಿಸಿದಳು. ಗಾಳಿ ಸುಯ್ಯೆಂದು ನುಗ್ಗಿತು. ಕಿಟಕಿಯ ಪರದೆ ಹಾರಿತು. ಕ್ಯಾಲೆಂಡರ್ ಮೊಳೆಯಿಂದ ಕಳಚಿ ಬಿತ್ತು.

"ಅಯ್ಯಪ್ಪಾ, ಇದೇನು ಅಡುಗೆಮನೇನೋ ಉತ್ತರ ಧ್ರುವಾನೋ!" ಎಂದು ಅಜ್ಜಿ ಕೋಟು ಹಾಕಿಕೊಂಡೇ ಮೊಟ್ಟೆ ಹುರಿದಳು. "ಸಿರಿಲ್ ಎಲ್ಲಿ ಹೋದ?"

"ಗೊತ್ತಿಲ್ಲ," ಎಂದಳು ಮಾರ್ನಿ. ಅವಳ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಮುಂಬಾಗಿಲಲ್ಲಿ ಟಕಟಕ ಸದ್ದಾಯಿತು. ಅಜ್ಜಿ ಹೋಗಿ ಬಗ್ಗಿ, ಟಪಾಲು ಹಾಕುವ ಸಂದಿಗೆ ಬಾಯಿಟ್ಟು ಕೂಗಿದಳು:

"ಯಾರು?"

"ಮುಂಬಾಗಿಲು ಅಳೆಯೋಕೆ ಬಂದಿದೀನಿ, ಮೇಡಂ!"

"ಹಿಂದಿನಿಂದ ಬನ್ನಿ!"

ಬಂದವನ ಹೆಸರು ಕ್ರೇಗ್. ಬೀದಿ ಸುತ್ತಿ ಬಂದು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಅಡುಗೆಮನೆಯ ಗಾಳಿ ಮುಖಕ್ಕೆ ಬಡಿದದ್ದೇ ತಡ ಅವನ ಕಣ್ಣು ಅರಳಿತು.

"ಮೇಡಂ, ನೀವು ಬದಲಾಯಿಸ್ಬೇಕಾದ್ದು ಈ ಬಾಗಿಲು!"

"ನಾನೂ ಅದೇ ಹೇಳೋದು!" ಎಂದು ಮಾರ್ನಿ ಕೂಗಿಯೇಬಿಟ್ಟಳು. "ನೋಡಿ, ಇಲ್ಲಿ ಬೆರಳೇ ಹೋಗುತ್ತೆ. ಮಳೆ ಬಂದ್ರೆ ಒಳಗೆಲ್ಲ ನೀರು. ಅಜ್ಜಿಗೆ ಕೆಮ್ಮು ಬೇರೆ!"

"ನಂಗ್ಯಾವ ಕೆಮ್ಮೇ?" ಎಂದಳು ಅಜ್ಜಿ. ಹೇಳಿ ಮುಗಿಸುವಷ್ಟರಲ್ಲಿ ಆ ಥಂಡಿಗೆ ಅವಳಿಗೆ ನಿಜವಾಗಿಯೂ ಕೆಮ್ಮು ಬಂತು, ಬಂದದ್ದು ನಿಲ್ಲಲೇ ಇಲ್ಲ. ಅಮ್ಮ ಓಡಿಬಂದು ನೀರು ಕೊಟ್ಟಳು. ಮಾರ್ನಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಕ್ರೇಗ್ ಬಣ್ಣಬಣ್ಣದ ಚಿತ್ರಗಳ ಪುಸ್ತಕ ಬಿಚ್ಚಿದ. "ಎರಡೂ ಬಾಗಿಲು ಸೇರಿಸಿ ಮಾಡಿಸಿದ್ರೆ ಮೂರು ಸಾವಿರದ ನಾನೂರು ಪೌಂಡು. ಇವತ್ತೇ ಸೈನ್ ಮಾಡಿದ್ರೆ ಸ್ಪೆಷಲ್ ಡಿಸ್ಕೌಂಟು. ಇವತ್ತೊಂದೇ ದಿನ!"

"ನಾಳೆ ಹೊತ್ತಿಗೆ ಬಾಗಿಲು ಹುಳಿ ಬರುತ್ತಾ?" ಎಂದಳು ಅಜ್ಜಿ, ಕೆಮ್ಮಿನ ನಡುವೆಯೇ. "ಮುಂಬಾಗಿಲು ಒಂದಕ್ಕೆ ಹೇಳಪ್ಪ."

"ಒಂದಕ್ಕೆ ಸಾವಿರದ ಎಂಟುನೂರು. ಗಾಜಿನ ಡಿಸೈನ್ ಬೇಕಾ? ಕೆಂಪು ಬಣ್ಣ? ಬಡಿಯೋಕೆ ಹೊಸ ಹಿಡಿ?"

"ಗಾಜು ಬೇಡ. ಬಣ್ಣ ಬಿಳಿ ಸಾಕು. ನಂಗೆ ಬೇಕಾದ್ದು ಎರಡೇ." ಅಜ್ಜಿ ಬೆರಳು ಮಡಚಿದಳು. "ಗೋಡೆ ಬಿಟ್ಟಷ್ಟೂ ಅಗಲ ಇರ್ಬೇಕು. ಮತ್ತೆ ಹೊಸ್ತಿಲು ಇರ್ಬಾರ್ದು. ಚೂರೂ ಇರ್ಬಾರ್ದು. ಎಡವೋ ಹಾಗಿಲ್ಲ, ವಾಲೋ ಹಾಗಿಲ್ಲ."

ಮಾರ್ನಿಯ ಕಣ್ಣ ಮುಂದೆ ಮಿಸ್ಟರ್ ಹಾರ್ಗ್ರೀವ್ಸ್‌ರ ಪೆಟ್ಟಿಗೆ ವಾಲಿತು.

"ಬೇಡ!" ಎಂದು ಚೀರಿದಳು. "ಆ ಬಾಗಿಲು ಬೇಡ! ಬೇಡ ಅಂದ್ರೆ ಬೇಡ!"

ಕೋಟೂ ಇಲ್ಲದೆ ಹೊರಗೆ ಓಡಿದಳು. ಹಿತ್ತಲ ಮೂಲೆಯಲ್ಲಿ ಹಳೆಯ ಕಲ್ಲಿದ್ದಲ ಗೂಡೊಂದಿತ್ತು. ಈಗ ಅದರಲ್ಲಿ ತಾತನ ಗುದ್ದಲಿ, ಬುಟ್ಟಿ, ಕೆಸರು ಮೆತ್ತಿದ ಬೂಟು ಇದ್ದವು. ಅವಳು ಬೂಟುಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಸ್ವಲ್ಪ ಹೊತ್ತಿಗೆ ಅಜ್ಜಿ ಬಂದಳು. ಮಾರ್ನಿಯ ಕೋಟನ್ನು ಅವಳ ಮೇಲೆ ಹೊದಿಸಿ, ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು.

"ಪೇಪರ್ ಕಿತ್ತೋಳು ನೀನೇ ಅಲ್ವಾ?"

ಮಾರ್ನಿ ಹೌದೆಂದು ತಲೆಯಾಡಿಸಿದಳು.

"ಸಿರಿಲ್‌ನ ಎಲ್ಲಿ ಬಚ್ಚಿಟ್ಟೆ?"

"ಹಾಸಿಗೆ ಕೆಳಗೆ."

"ಅವನಾದ್ರೂ ಬೆಚ್ಚಗಿದಾನಲ್ಲ, ಬಿಡು. ಯಾಕೆ ಮರಿ ಹಿಂಗೆಲ್ಲ ಮಾಡ್ದೆ?"

ಮಾರ್ನಿ ಬೂಟನ್ನು ನೋಡುತ್ತಲೇ ಹೇಳಿದಳು. "ಮುಂಬಾಗಿಲು... ತಾತನ್ನ ಒಯ್ಯೋಕೆ ಅಲ್ವಾ? ಮಿಸ್ಟರ್ ಹಾರ್ಗ್ರೀವ್ಸ್ ಥರ?"

ಅಜ್ಜಿ ಬೆಪ್ಪಾಗಿ ಅವಳನ್ನೇ ನೋಡಿದಳು. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮಾರ್ನಿಗೆ ತಿಳಿಯಲಿಲ್ಲ. ಎರಡೂ ಇತ್ತು.

"ಅಲ್ಲ ಕಣೇ ಪೆದ್ದಿ," ಎಂದಳು ಅಜ್ಜಿ ಕಣ್ಣೊರೆಸಿಕೊಂಡು. "ಸತ್ತೋರನ್ನ ಕಳಿಸೋಕೆ ನಾನು ಸಾವಿರದ ಎಂಟುನೂರು ಪೌಂಡು ಸುರೀತೀನಾ? ಅದಕ್ಕೆ ಹಳೇ ಬಾಗಿಲೇ ಸಾಕಾಗಿತ್ತು!"

"ಮತ್ತೆ ಯಾಕೆ?"

"ತಾತ ಒಳಗೆ ಬರೋಕೆ." ಅಜ್ಜಿ ಹಿತ್ತಲ ಮೆಟ್ಟಿಲುಗಳತ್ತ ಗಲ್ಲ ಎತ್ತಿ ತೋರಿಸಿದಳು. "ಅವನಿಗೆ ಇನ್ಮೇಲೆ ವೀಲ್‌ಚೇರು. ಸ್ವಲ್ಪ ದಿನಕ್ಕೋ, ಕೊನೇತನಕವೋ, ದೇವರಿಗೇ ಗೊತ್ತು. ಇಲ್ಲಿ ನೋಡು, ಓಣಿ ತುಂಬ ಕಲ್ಲು, ಮೇಲೆ ಇಷ್ಟು ಮೆಟ್ಟಿಲು. ಇಲ್ಲಿಂದ ಹೆಂಗೆ ಹತ್ತಿಸ್ಲಿ? ಮುಂದೆ ಆದ್ರೆ ಒಂದು ಹೊಸ್ತಿಲು ತಾನೇ ಅಡ್ಡ ಇರೋದು."

ಮಾರ್ನಿ ಕೋಟಿನ ತೋಳಿನಿಂದ ಮೂಗೊರೆಸಿಕೊಂಡು ಮೆಟ್ಟಿಲುಗಳತ್ತ ನೋಡಿದಳು.

"ಕುರ್ಚಿ ಒಳಗೆ ಬರೋ ಹಾಗಿದ್ರೆ ಮನೆಗೆ ಕಳಿಸ್ತೀವಿ, ಇಲ್ದಿದ್ರೆ ವಯಸ್ಸಾದೋರ ಕೇರ್ ಹೋಮಿಗೆ ಅಂದಿದಾರೆ ಆಸ್ಪತ್ರೆಯೋರು."

"ನಂಗೆ ಯಾಕೆ ಹೇಳ್ಲಿಲ್ಲ?"

ಅಜ್ಜಿ ಬೂಟಿನ ಕೆಸರನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಅವನೆದೆ ಇನ್ನೂ ಪೂರ್ತಿ ಸರಿ ಹೋಗಿಲ್ಲ. ಬರ್ತಾನೆ ಅಂತ ನಿಂಗೆ ಹೇಳಿ, ಬರ್ದೇ ಹೋದ್ರೆ? ಆ ಭಯ ನಂಗೊಬ್ಬಳಿಗೇ ಇರ್ಲಿ ಅಂದ್ಕೊಂಡೆ."

"ನಂಗೂ ಇತ್ತು," ಎಂದಳು ಮಾರ್ನಿ.

"ಹೌದಲ್ವಾ," ಎಂದಳು ಅಜ್ಜಿ. "ಒಂದೇ ಮನೇಲಿ ಇಬ್ರೂ ಬೇರೆಬೇರೆ ಕೂತು ಹೆದ್ರಿಕೊಂಡಿದ್ವಿ."

ಇಬ್ಬರೂ ಒಳಗೆ ಹೋದರು. ಕ್ರೇಗ್ ಅಳತೆ ಮುಗಿಸಿ, ಅಮ್ಮ ಕೊಟ್ಟ ಟೀ ಹಿಡಿದು ಚಳಿಗೆ ನಡುಗುತ್ತಾ ಕೂತಿದ್ದ. ಹೊಸ್ತಿಲಿಲ್ಲದ ಬಾಗಿಲಿಗೆ ನೂರೈವತ್ತು ಹೆಚ್ಚಾಗುತ್ತದೆ ಎಂದ. ಬಡಿಯುವ ಹಿಡಿಗೆ ನಲವತ್ತೈದು.

ಬಾಗಿಲು, ಬ್ಲ್ಯಾಕ್‌ಪೂಲ್ ಎರಡೂ ಡಬ್ಬಿಗಳ ದುಡ್ಡೂ ಅಷ್ಟಕ್ಕೆ ಸಾಲಲಿಲ್ಲ. ಅಮ್ಮ ಕ್ರಿಸ್ಮಸ್ ಡಬ್ಬಿಯನ್ನು ತಂದಳು. "ಟರ್ಕಿ ಬದ್ಲು ಕೋಳಿ ಮಾಡಿದ್ರೆ ಆಯ್ತು," ಎಂದಳು. ಆಮೇಲೂ ಸ್ವಲ್ಪ ಕಡಿಮೆ ಬಿತ್ತು. ಅಜ್ಜಿ ಗ್ಯಾಸಿನ ಡಬ್ಬಿಯನ್ನೊಮ್ಮೆ ನೋಡಿದಳು, ಗಾಳಿಗೆ ಹಾರುತ್ತಿದ್ದ ಪರದೆಯನ್ನೊಮ್ಮೆ ನೋಡಿದಳು. ಆ ಡಬ್ಬಿ ಮುಟ್ಟುವ ಹಾಗಿರಲಿಲ್ಲ.

ಇಷ್ಟು ದಿನ ಮಾರ್ನಿ ಯಾವ ಬಾಗಿಲು ಬೇಡವೆಂದು ಹಟ ಮಾಡಿದ್ದಳೋ, ಈಗ ಅದೇ ಬಾಗಿಲು ಕೈತಪ್ಪಿ ಹೋದರೆ?

"ಹಿಡಿ ಯಾಕೆ ಹೊಸದು?" ಎಂದಳು ಥಟ್ಟನೆ. "ಹಳೆ ಬಾಗಿಲದೇ ಇದೆಯಲ್ಲ, ಹಿತ್ತಾಳೇದು! ಅದನ್ನ ಯಾರೂ ಬಡಿಯೋದೇ ಇಲ್ಲ. ಹೊಸದರ ಥರಾನೇ ಇದೆ."

ಕ್ರೇಗ್ ನಕ್ಕ. "ಅದನ್ನೇ ಕಳಚಿ ಹಾಕ್ಬಹುದು, ಮೇಡಂ."

"ಹಾಗಾದ್ರೆ ಆ ನಲವತ್ತೈದು ಹೊಡೆದು ಹಾಕಪ್ಪ," ಎಂದಳು ಅಜ್ಜಿ. "ನಿನ್ನ ಇವತ್ತೊಂದೇ ದಿನದ ಡಿಸ್ಕೌಂಟು ಎರಡು ಬಾಗಿಲಿಗೆ ಇರೋದು ಒಂದಕ್ಕೂ ಇರ್ಬೇಕಲ್ಲ? ಬೀದಿ ಸುತ್ತಿ ಹಿಂದಿನಿಂದ ಬಂದವನು ನೀನು, ಬರಿಗೈಲಿ ಹೋಗ್ತೀಯಾ?"

ಕ್ರೇಗ್ ತಲೆ ಕೆರೆದುಕೊಂಡ, ಫೋನಿನಲ್ಲಿ ಲೆಕ್ಕ ಹಾಕಿದ, ಯಾರಿಗೋ ಕರೆ ಮಾಡಿದ, ಮತ್ತೆ ಕೆರೆದುಕೊಂಡ. ಅಷ್ಟು ಹೊತ್ತೂ ಮಾರ್ನಿ ಮೇಜಿನ ಕೆಳಗೆ ಬೆರಳಿಗೆ ಬೆರಳು ಹೆಣೆದು ಹಿಡಿದಿದ್ದಳು. ಕೊನೆಗೆ ಅವನು ಹೂಂ ಎಂದ. ಅವನು ಹೋದ ಮೇಲೆ ಮಾರ್ನಿ ಮಹಡಿಗೆ ಹೋಗಿ ಸಿರಿಲ್‌ನನ್ನು ತಂದು ಹಿಂದಿನ ಬಾಗಿಲಿಗೆ ಅಡ್ಡ ಮಲಗಿಸಿದಳು. ಇನ್ನೊಂದು ವರ್ಷ ಅವನಿಗೆ ಡ್ಯೂಟಿ ಇತ್ತು.

ಕ್ರಿಸ್ಮಸ್ಸಿಗೆ ಇನ್ನು ಕೆಲವೇ ದಿನಗಳಿರುವಾಗ ಆಸ್ಪತ್ರೆಯ ವ್ಯಾನು ಕ್ಲೋವರ್ ಸ್ಟ್ರೀಟಿಗೆ ಬಂದು ನಿಂತಿತು. ಬಿಳಿಯ ಹೊಸ ಮುಂಬಾಗಿಲು ಅಗಲವಾಗಿ ತೆರೆದಿತ್ತು. ತೆರೆದ ಮುಂಬಾಗಿಲು ಕಂಡದ್ದೇ ಅಕ್ಕಪಕ್ಕದವರೆಲ್ಲ ಗಾಬರಿಯಿಂದ ಓಣಿ ಸುತ್ತಿ ಓಡಿಬಂದರು. ಏನೆಂದು ತಿಳಿಯದೆ, ಅಭ್ಯಾಸಬಲದಿಂದ, ಟೋಪಿ ತೆಗೆದು ಫುಟ್‌ಪಾತಿನಲ್ಲಿ ಸಾಲಾಗಿ ಸುಮ್ಮನೆ ನಿಂತರು. ಮಿಸೆಸ್ ಹಾರ್ಗ್ರೀವ್ಸ್ ಆಗಲೇ ಕರ್ಚೀಫು ತೆಗೆದಿದ್ದಳು.

ವ್ಯಾನಿನ ಹಿಂದಿನಿಂದ ವೀಲ್‌ಚೇರು ಇಳಿಯಿತು. ತಾತ ತುಂಬಾ ಸೊರಗಿಹೋಗಿದ್ದ, ಕಾಲರಿನೊಳಗೆ ಕುತ್ತಿಗೆ ಅಲ್ಲಾಡುತ್ತಿತ್ತು. ಅವನು ಸಾಲಾಗಿ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದ.

"ಟೋಪಿ ಹಾಕ್ಕೊಳ್ರೋ," ಎಂದ ಕ್ಷೀಣ ದನಿಯಲ್ಲಿ. "ನಾನು ಹೊರಗೆ ಹೋಗ್ತಿಲ್ಲ, ಒಳಗೆ ಬರ್ತಾ ಇದೀನಿ!"

ಇಡೀ ಬೀದಿ ನಕ್ಕಿತು. ಮಿಸೆಸ್ ಹಾರ್ಗ್ರೀವ್ಸ್ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡೇ ನಕ್ಕಳು. ಕುರ್ಚಿಯ ಗಾಲಿಗಳು ಎಲ್ಲೂ ಎಡವದೆ, ಎಲ್ಲೂ ವಾಲದೆ, ನುಣ್ಣಗೆ ಒಳಗೆ ಹೋದವು. ಅಜ್ಜಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತೇ ಇದ್ದಳು.

ಮಾರನೆಯ ದಿನ ಮಾರ್ನಿ ಸ್ಕೂಲು ಬಿಟ್ಟು ಎಂದಿನಂತೆ ಹಿಂದಿನ ಓಣಿಗೆ ಬಂದಳು. ಕೊರೆಯುವ ಚಳಿ. ಗೇಟಿನ ಮೇಲೆ ಕೈಯಿಟ್ಟವಳು ಒಳಗೆ ತಾತ ಇರುವುದು ನೆನಪಾಗಿ ನಿಂತಳು. ಆಮೇಲೆ ತಿರುಗಿ, ಇಡೀ ಬೀದಿ ಸುತ್ತಿ ಮುಂಭಾಗಕ್ಕೆ ಬಂದು, ಹಿತ್ತಾಳೆಯ ಹಿಡಿಯನ್ನು ಎತ್ತಿ ಬಡಿದಳು.

ಒಳಗೆ ಗಾಲಿ ಕಿರ್ ಎಂದಿತು.

"ಯಾರದು? ಪೊಲೀಸಾ, ಓಟು ಕೇಳೋರಾ?"

"ನಾನು, ತಾತ."

"ಹಿಂದಿನ ಬಾಗಿಲು ತೆರೆದೇ ಇದೆಯಲ್ಲೇ, ಹುಡುಗಿ!"

"ಗೊತ್ತು," ಎಂದಳು ಮಾರ್ನಿ.

ತಾತನಿಗೆ ಚಿಲಕ ಸಿಗಲಿಲ್ಲ. ಸಿಕ್ಕ ಮೇಲೆ ತಿರುಗಲಿಲ್ಲ. ಕುರ್ಚಿ ಬಾಗಿಲಿಗೆ ತಾಗಿತು, ಹಿಂದೆ ಹೋಯಿತು, ಮತ್ತೆ ಮುಂದೆ ಬಂತು. ಒಳಗಿನಿಂದ ತಾತ ಏನೇನೋ ಗೊಣಗುವುದು ಕೇಳಿಸುತ್ತಿತ್ತು. ಮಾರ್ನಿಯ ಬೆರಳುಗಳು ಮರಗಟ್ಟಿದ್ದವು. ಆದರೂ ಅವಳು ಅವಸರ ಮಾಡಲಿಲ್ಲ. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಬಾಗಿಲು ತೆರೆಯುವವರೆಗೂ ಕಾಯುತ್ತಾ ನಿಂತಳು.